ಟ್ರಾಲಿಯ ಮೇಲೆ ಕಲಸಿದ ಔಷಧಿ

"ಸಾಧಾ ಕೀ ಲಾಯಪೋಸೋಮಲ್?"

ಮೆಡಿಕಲ್ ಕಿಟಕಿಯ ಹುಡುಗ ಹಾಗೆ ಕೇಳಿದಾಗ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. 2021ರ ಮಳೆಗಾಲ. ಪುಣೆಯ ಒಂದು ಆಸ್ಪತ್ರೆಯಲ್ಲಿ ನಮ್ಮ ಭಾವ ಕಪ್ಪು ಶಿಲೀಂಧ್ರದ ಕಾಯಿಲೆಗೆ ಮಲಗಿದ್ದರು. ಚೀಟಿಯಲ್ಲಿ 'ಆಂಫೋಟೆರಿಸಿನ್ 300' ಎಂದಷ್ಟೇ ಇತ್ತು. ಆ ಔಷಧಿಯಲ್ಲಿ ಸಾದಾ, ಲಿಪೋಸೋಮಲ್ ಎಂದು ಎರಡು ಬಗೆ, ಎರಡಕ್ಕೂ 50 ಮಿಲಿಗ್ರಾಂ ಸೀಸೆ. ಲಿಪೋಸೋಮಲ್ ಆದರೆ ಕಿಲೋ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ ಕೊಡಬಹುದು. ಸಾದಾ ಆದರೆ ಸುಮಾರು 1 ಮಿಲಿಗ್ರಾಂ, ಒಂದೂವರೆ ದಾಟುವಂತಿಲ್ಲ. 60 ಕಿಲೋ ತೂಗುವ ಭಾವನಿಗೆ ಲಿಪೋಸೋಮಲ್ ಆರು ಸೀಸೆ ಸರಿಯಾದ ಡೋಸು. ಸಾದಾ ಆರು ಸೀಸೆ ಹೋದರೆ ಜೀವಕ್ಕೇ ಕುತ್ತು. ಹುಡುಗನ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಉತ್ತರ ಕೊಡಬೇಕಾದವನು ನಾನಲ್ಲ. ವಾರ್ಡಿಗೆ ಫೋನ್ ಮಾಡಿ ಡಾಕ್ಟರರನ್ನು ಹಿಡಿಯುವಷ್ಟರಲ್ಲಿ ಬೆವರಿಳಿದಿತ್ತು.

ನಮ್ಮ ಹೆಚ್ಚಿನ ಆಸ್ಪತ್ರೆಗಳ ಔಷಧಾಲಯ ಎಂದರೆ ಒಂದು ಅಂಗಡಿ. ಚೀಟಿ ಒಳಗೆ ಹೋಗುತ್ತದೆ, ಬಿಲ್ಲು ಹೊರಗೆ ಬರುತ್ತದೆ. ಔಷಧಿಯನ್ನು ದೇಹಕ್ಕೆ ಹೋಗುವ ಸ್ಥಿತಿಗೆ ತರುವ ಕೆಲಸ ಮಾತ್ರ ವಾರ್ಡಿನ ಟ್ರಾಲಿಯ ಮೇಲೆ ನಡೆಯುತ್ತದೆ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮು ಡಾಕ್ಟರರ ಚೀಟಿಯ ಔಷಧಿಯನ್ನು ತಯಾರಿಸುವುದು, ಬೆರೆಸುವುದು, ಕೊಡುವುದು ನೋಂದಾಯಿತ ಫಾರ್ಮಸಿಸ್ಟರ ಕೆಲಸ ಎನ್ನುತ್ತದೆ. ವಾರ್ಡಿನಲ್ಲಿ ಅದೇ ಬೆರೆಸುವ ಕೆಲಸ ಇಪ್ಪತ್ತು ಹಾಸಿಗೆ ನೋಡಿಕೊಳ್ಳುವ ಸಿಸ್ಟರ್ ಪಾಲಿಗೆ ಬರುತ್ತದೆ. ಫಾರ್ಮಸಿಸ್ಟರು ಕೆಳಗೆ ಜಿಎಸ್‌ಟಿ ಲೆಕ್ಕ ಹಾಕುತ್ತಿರುತ್ತಾರೆ. ಕಲಿತ ವಿದ್ಯೆ ಒಂದು ಕಡೆ, ಕೆಲಸ ಇನ್ನೊಂದು ಕಡೆ. ಈ ಪದ್ಧತಿಯ ಮೂಲದೋಷ ಇದೇ ಎಂಬುದು ನನ್ನ ಅಭಿಪ್ರಾಯ.

ಅಂದು ವಾರ್ಡಿನ ಬಾಗಿಲಲ್ಲಿ ನಿಂತು ಆ ಕೆಲಸವನ್ನು ನೋಡಿದೆ. ಪ್ರತಿ ಸೀಸೆಗೂ 12 ಮಿಲಿಲೀಟರ್ ಸ್ಟೆರೈಲ್ ನೀರು ಹಾಕಿ ಅರ್ಧ ನಿಮಿಷ ಜೋರಾಗಿ ಕುಲುಕಬೇಕು. ಹಳದಿ ಪುಡಿ ಉಂಡೆ ಉಳಿಯದೆ ಕರಗಬೇಕು. ಆಮೇಲೆ ಸಿರಿಂಜಿಗೆ ಫಿಲ್ಟರ್ ಸಿಕ್ಕಿಸಿ ಶೇಕಡಾ 5ರ ಡೆಕ್ಸ್‌ಟ್ರೋಸ್ ಬಾಟಲಿಗೆ ಸೇರಿಸಬೇಕು. ಸಲೈನ್ ಮಾತ್ರ ಸೋಕಬಾರದು. ಸೋಕಿದರೆ ಔಷಧಿ ಒಡೆದು ಗಸಿ ಕಟ್ಟುತ್ತದೆ. ಆರು ಸೀಸೆ ಎಂದರೆ ಇಷ್ಟನ್ನೂ ಆರು ಸಲ ಮಾಡಬೇಕು. ಮೂರನೆಯ ಸೀಸೆ ಕುಲುಕುವಾಗ ಪಕ್ಕದ ಹಾಸಿಗೆಯವರು ಕೂಗಿದರು, ಸಿಸ್ಟರ್ ಹೋಗಿ ಬಂದರು. ಬಂದವರ ಕೈ ಅಭ್ಯಾಸಬಲದಿಂದ ಸಲೈನ್ ಬಾಟಲಿಗೆ ಹೋಯಿತು. ಹಿರಿಯ ಸಿಸ್ಟರ್ "ಅಗಂ, ಡೆಕ್ಸ್‌ಟ್ರೋಸ್!" ಎಂದು ತಡೆದರು. ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಡುಗೆ ಮಾಡುತ್ತಲೇ ಅಂಗಡಿ ನೋಡಿಕೋ, ಮಗುವನ್ನೂ ಎತ್ತಿಕೋ ಎಂದರೆ ಯಾರ ಕೈಯಾದರೂ ತಪ್ಪುತ್ತದೆ.

ಔಷಧಿ ಬೇರೆಯಾದರೆ ರೀತಿಯೂ ಬೇರೆ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಕಡೆ ಗಿಯಾನ್-ಬಾರೆ ಎಂಬ ನರಗಳ ಕಾಯಿಲೆ ಎದ್ದಾಗ ಊರಿನ ಬಾಯಲ್ಲೆಲ್ಲ ಐವಿಐಜಿ ಇಂಜೆಕ್ಷನ್ನಿನ ಮಾತು. ಅದನ್ನು ಸಾಮಾನ್ಯವಾಗಿ ಕಿಲೋ ತೂಕಕ್ಕೆ 2 ಗ್ರಾಂ ಲೆಕ್ಕದಲ್ಲಿ ಐದು ದಿನಕ್ಕೆ ಹಂಚಿ ಕೊಡುತ್ತಾರೆ. 60 ಕಿಲೋದವರಿಗೆ 120 ಗ್ರಾಂ, ಅಂದರೆ 5 ಗ್ರಾಮಿನ 24 ಬಾಟಲಿ. ಹಲವು ಬ್ರ್ಯಾಂಡುಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಇನ್ನೊಂದು ಮಾತು: ಇದನ್ನು ಕುಲುಕಲೇಬಾರದು, ನೊರೆ ಬಂದು ಪ್ರೋಟೀನ್ ಕೆಡುತ್ತದೆ. ಒಂದನ್ನು ಜೋರಾಗಿ ಕುಲುಕಬೇಕು, ಇನ್ನೊಂದನ್ನು ಮೆಲ್ಲಗೆ ಹೊರಳಿಸಬೇಕು. ಎರಡನ್ನೂ ಮುಟ್ಟುವುದು ಅದೇ ಕೈ. ಐವಿಐಜಿ ಬಾಟಲಿ ಬೇರೆಲ್ಲೋ ಸಿಕ್ಕಿ, ಮನೆಯವರು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ರಿಕ್ಷಾದಲ್ಲಿ ಕುಲುಕುತ್ತ ತಂದರೆ, ದಾರಿಯಲ್ಲಿ ಅದಕ್ಕೇನಾಯಿತು ಎಂಬುದು ಯಾವ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ.

ಪುಣೆ ಔಷಧಿಯ ಊರು ಎಂಬುದರಿಂದ ಕೊರಗು ಇನ್ನೂ ಹೆಚ್ಚು. ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ 1954ರಲ್ಲಿ ಹುಟ್ಟಿ ದೇಶಕ್ಕೆ ಪೆನಿಸಿಲಿನ್ ಕೊಟ್ಟಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ್ದ ಎಂ. ಜೆ. ತಿರುಮಲಾಚಾರ್ ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಬೆಳಕಿಗೆ ತಂದರು. ಅದನ್ನು ಕೊಟ್ಟ ಸೂಕ್ಷ್ಮಜೀವಿಯ ಹೆಸರಿನಲ್ಲೇ ಪಿಂಪ್ರಿ ಇದೆ. ಆಂಫೋಟೆರಿಸಿನ್ನಿಗೆ ಅದು ದಾಯಾದಿ. ಹಡಪ್ಸರದಲ್ಲಿ 1966ರಿಂದ ಸೀರಂ ಇನ್‌ಸ್ಟಿಟ್ಯೂಟ್ ಇದೆ. ಕಾರ್ಖಾನೆಯೊಳಗೆ ಗಾಳಿಯನ್ನೂ ಸೋಸುತ್ತಾರೆ. ಅಷ್ಟು ಜತನದಿಂದ ಬಂದ ಸೀಸೆಯನ್ನು ಕೊನೆಗೆ ಫ್ಯಾನಿನ ಗಾಳಿಯಲ್ಲಿ, ನಡುದಾರಿಯಲ್ಲಿ ಬಿಚ್ಚುತ್ತೇವೆ.

ಸರಿಯಾಗಿ ಮಾಡುವುದು ನಮಗೆ ಗೊತ್ತಿಲ್ಲ ಎನ್ನುವಂತಿಲ್ಲ. ಒಳ್ಳೆಯ ಕ್ಯಾನ್ಸರ್ ವಿಭಾಗಗಳಲ್ಲಿ ಕೀಮೋ ಔಷಧಿಗೇ ಪ್ರತ್ಯೇಕ ಕೋಣೆ, ಗಾಜಿನ ಕ್ಯಾಬಿನೆಟ್ಟು, ಜೋಡಿ ಗ್ಲೌಸು, ಡೋಸನ್ನು ಇಬ್ಬರು ತಾಳೆ ನೋಡುವ ಪದ್ಧತಿ ಇದೆ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಸಾವು ಬಹುತೇಕ ಖಚಿತ. ಅದನ್ನು ಸಿರಿಂಜಿನ ಬದಲು ಚಿಕ್ಕ ಡ್ರಿಪ್ ಚೀಲದಲ್ಲಿ ಕಳಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿತು. ಚೀಲವನ್ನು ಬೆನ್ನಿಗೆ ಚುಚ್ಚುವ ಯೋಚನೆ ಯಾರಿಗೂ ಬರುವುದಿಲ್ಲ. ಎಷ್ಟು ಸರಳ ಉಪಾಯ! ಕೀಮೋಗೆ ಸಿಕ್ಕ ಈ ಮರ್ಯಾದೆ ಆಂಫೋಟೆರಿಸಿನ್ನಿಗೆ, ಪೊಟ್ಯಾಸಿಯಂ ಕ್ಲೋರೈಡಿಗೆ, ಎಳೆಗೂಸುಗಳ ಆಂಟಿಬಯಾಟಿಕ್ಕಿಗೆ ಏಕೆ ಸಿಗಬಾರದು?

ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಮಾನದಂಡಗಳಲ್ಲಿ ನನಗೆ ಬಹಳ ಹಿಡಿಸಿದ ನಿಯಮವೊಂದಿದೆ: ಕಲಸಿದ ಔಷಧಿಗೆ ಲೇಬಲ್ ಅಂಟಿಸಿದ ಮೇಲೆಯೇ ಎರಡನೆಯ ಔಷಧಿಗೆ ಕೈ ಹಾಕಬೇಕು. ಕೆಲಸ ಬಲ್ಲವರು ಬರೆದ ನಿಯಮ ಅದು. ತಪಾಸಣೆಯ ದಿನ ಅದನ್ನು ಪಾಲಿಸುವುದು ಕಷ್ಟವಲ್ಲ. ರಾತ್ರಿ ಎರಡು ಗಂಟೆಗೆ ಪಾಲಿಸಬೇಕಾದರೆ ಕೈಯಲ್ಲಿ ಬೇರೆ ಕೆಲಸ ಇರಬಾರದು, ಪಕ್ಕದಲ್ಲಿ ತಾಳೆ ನೋಡುವ ಇನ್ನೊಬ್ಬರಿರಬೇಕು. ಮಾನದಂಡ ಪಟ್ಟಿ ಕೊಡಬಹುದು, ಆ ಇನ್ನೊಬ್ಬರಿಗೆ ಸಂಬಳ ಕೊಡಬೇಕಾದ್ದು ಆಸ್ಪತ್ರೆ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿಗಳ ಮೇಲೆ ಅನುಮಾನ ಬಿತ್ತು. ಇಂಥ ಹೊತ್ತಿನಲ್ಲಿ ಯಾವ ಬ್ಯಾಚಿನ ಬಾಟಲಿ ಯಾರ ರಕ್ತಕ್ಕೆ ಹೋಯಿತು ಎಂದು ಹೇಳಬಲ್ಲ ಚೀಟಿ ಬೇಕು. ಕಲಸುವ ಕೋಣೆ ಇದ್ದರೆ ಆ ಚೀಟಿ ಅಲ್ಲೇ ಹುಟ್ಟುತ್ತದೆ. ಭಾವನ ಡ್ರಿಪ್ಪಿಗೆ ಅಂದು ಸಿಸ್ಟರ್ ಅಂಟಿಸಿದ್ದು ಒಂದು ತುಂಡು ಬಿಳಿ ಪ್ಲಾಸ್ಟರು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಹಾಸಿಗೆಯ ಸಂಖ್ಯೆ, 'ಆಂಫೋ', ಹೊತ್ತು. ಬ್ಯಾಚ್ ಸಂಖ್ಯೆ ನನ್ನ ಜೇಬಿನ ಬಿಲ್ಲಿನಲ್ಲಿತ್ತು.