ಆರನೇ ಕ್ರಮಾಂಕದ ವ್ಯಾಜ್ಯ

"ದೀಪ್ತೀನ ಏಳನೇದಕ್ಕೆ ಇಳಿಸಿದ್ದೇ ತಪ್ಪು ಮಾರಾಯ." 2017ರ ಜುಲೈ 23ರ ಭಾನುವಾರ ರಾತ್ರಿ ಲಾರ್ಡ್ಸ್‌ನಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಫೈನಲನ್ನು 9 ರನ್‌ಗಳಿಂದ ಸೋತರಲ್ಲ, ಆಮೇಲೆ ನಮ್ಮ ಕಡೆ ಹುಟ್ಟಿದ ವಾದಗಳಲ್ಲಿ ಇವತ್ತಿಗೂ ಉಸಿರಾಡುತ್ತಿರುವುದು ಇದೊಂದೇ. ಮೂಡಿಗೆರೆ ಬಸ್ ನಿಲ್ದಾಣದ ಹೋಟೆಲು, ಕಳಸದ ಕ್ಷೌರದಂಗಡಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆ, ಎಲ್ಲಿ ನಾಲ್ಕು ಜನ ಸೇರಿದರೂ ಸೋತ ಪಂದ್ಯವೊಂದು ಮತ್ತೆ ಆಡಲ್ಪಡುತ್ತದೆ. ಇದನ್ನು ಕೆಲಸವಿಲ್ಲದವರ ಹರಟೆ ಅಂತ ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾಟಕ ನೋಡಿ ಬಂದವರು ನಿರ್ದೇಶಕನನ್ನು ತರಾಟೆಗೆ ತೆಗೆದುಕೊಳ್ಳುವುದು ವಿಮರ್ಶೆಯಾದರೆ, ಕೋಚ್ ಮಾಡಿದ ತೀರ್ಮಾನವನ್ನು ಎಳೆ ಎಳೆಯಾಗಿ ಬಿಡಿಸುವುದೂ ವಿಮರ್ಶೆಯೇ. ಹಾಗಿದ್ದ ಮೇಲೆ ಆ ವಿಮರ್ಶೆ ಎಷ್ಟು ಗಟ್ಟಿ, ಎಷ್ಟು ಜಳ್ಳು ಅಂತಲೂ ನೋಡಬಹುದು.

ಈ ಪಂದ್ಯ ನಮ್ಮ ಜಿಲ್ಲೆಗೆ ಇಷ್ಟು ಹತ್ತಿರವಾದದ್ದು ಕಡೂರಿನ ವೇದಾ ಕೃಷ್ಣಮೂರ್ತಿಯವರಿಂದ. ಕಡೂರು ಬಯಲುಸೀಮೆ, ಅಲ್ಲಿ ಮಳೆಯಿಲ್ಲ, ಕಳಸದಲ್ಲಿ ಬಿಸಿಲಿಲ್ಲ. ಮಾಮೂಲು ದಿನಗಳಲ್ಲಿ ಕಾಫಿ ಸೀಮೆಯವರಿಗೆ ಕಡೂರೆಂದರೆ ರೈಲು ಹತ್ತುವ ಊರು, ಅಷ್ಟೆ. ವಿಶ್ವಕಪ್ ಫೈನಲಿಗೆ ಒಬ್ಬ ಹುಡುಗಿ ಹೋದಳೋ, ಗಡಿ ಅಳಿಸಿಹೋಗಿ ಎಲ್ಲರೂ ಒಂದೇ ಜಿಲ್ಲೆಯವರಾದರು.

ಅಂದಿನ ಲೆಕ್ಕ ಹೀಗಿತ್ತು. ಇಂಗ್ಲೆಂಡ್ 7 ವಿಕೆಟಿಗೆ 228. ಜೂಲನ್ ಗೋಸ್ವಾಮಿ 10 ಓವರಿಗೆ ಬರೀ 23 ರನ್ ಕೊಟ್ಟು 3 ವಿಕೆಟ್ ಕಿತ್ತಿದ್ದರು. ಉತ್ತರವಾಗಿ ಪೂನಮ್ ರಾವುತ್ 86, ಹರ್ಮನ್‌ಪ್ರೀತ್ ಕೌರ್ 51. ಒಂದು ಹಂತದಲ್ಲಿ ಭಾರತ 3 ವಿಕೆಟಿಗೆ 191. ಗೆಲ್ಲಲು 43 ಎಸೆತಗಳಲ್ಲಿ 38 ರನ್ ಸಾಕಿತ್ತು. ಕೊನೆಯ ಏಳು ವಿಕೆಟುಗಳು 28 ರನ್‌ಗೆ ಉದುರಿ, 219ಕ್ಕೆ ಆಟ ಮುಗಿಯಿತು. ಜುಲೈಯಲ್ಲಿ ನಮ್ಮ ಕಡೆ ಆಟ ನೋಡುವುದೇ ಒಂದು ಪಾಡು: ಮಳೆ ಜೋರಾದರೆ ಡಿಶ್ ಕೈಕೊಡುತ್ತದೆ, ಮರ ಬಿದ್ದರೆ ಕರೆಂಟ್ ಹೋಗುತ್ತದೆ. ಮಜಾ ಏನೆಂದರೆ, ತಾವು ನೋಡದೇ ಹೋದ ಓವರುಗಳ ಬಗ್ಗೆಯೇ ನಮ್ಮ ಜನರಿಗೆ ಹೆಚ್ಚು ಖಚಿತವಾದ ಅಭಿಪ್ರಾಯ.

ಮೊದಲ ಆರೋಪ ನಾಯಕಿ ಮಿಥಾಲಿ ರಾಜ್ ಮೇಲೆ. 17 ರನ್ ಮಾಡಿದ್ದಾಗ ರನ್ ಔಟ್. ಕೊನೆಗೆ ಓಡಲೇ ಇಲ್ಲ, ಧುಮುಕಲೂ ಇಲ್ಲ ಅನ್ನುವುದು ದೂರು. ಬೇಕಂತಲೇ ಔಟಾದರು ಎನ್ನುವವರೆಗೂ ಕೆಲವರು ಹೋದರು. ಶೂವಿನ ಮುಳ್ಳು ನೆಲಕ್ಕೆ ಕಚ್ಚಿಕೊಂಡಿತ್ತು ಎಂದು ಆಮೇಲೆ ಅವರೇ ಹೇಳಬೇಕಾಯಿತು. ಇದರಲ್ಲಿ ವಿಮರ್ಶಿಸಲು ಏನೂ ಇಲ್ಲ. ಕಾಲು ಸಿಕ್ಕಿಹಾಕಿಕೊಂಡದ್ದು ತೀರ್ಮಾನವಲ್ಲ.

ದೀಪ್ತಿಯ ವಿಷಯ ಹಾಗಲ್ಲ. ಪೂನಮ್ ಔಟಾದಾಗ ಕ್ರೀಸಿನಲ್ಲಿ ಉಳಿದವರು ವೇದಾ. ಆರನೆಯವರಾಗಿ ಬಂದವರು ವಿಕೆಟ್ ಕೀಪರ್ ಸುಷ್ಮಾ ವರ್ಮಾ. ದೀಪ್ತಿ ಶರ್ಮಾ ಪೆವಿಲಿಯನ್ನಿನಲ್ಲಿ ಕೂತಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಐರ್ಲೆಂಡ್ ವಿರುದ್ಧ 188 ರನ್ ಬಾರಿಸಿ, ಪೂನಮ್ ಜೊತೆ ಮೊದಲ ವಿಕೆಟಿಗೆ 320 ಸೇರಿಸಿದ್ದ ದೀಪ್ತಿ. ಇದೇ ವಿಶ್ವಕಪ್ಪಿನಲ್ಲಿ ಶ್ರೀಲಂಕಾ ವಿರುದ್ಧ 78 ಮಾಡಿದ್ದ ದೀಪ್ತಿ. ಮೂರೇ ದಿನ ಹಿಂದೆ ಡರ್ಬಿಯ ಸೆಮಿಫೈನಲ್‌ನಲ್ಲಿ ಹರ್ಮನ್‌ಪ್ರೀತ್ ಔಟಾಗದೆ 171 ಹೊಡೆದಾಗ ಇನ್ನೊಂದು ತುದಿಯಲ್ಲಿ ಕಲ್ಲಿನಂತೆ ನಿಂತದ್ದೂ ಇವರೇ, ಅದೂ ವೇದಾಗಿಂತ ಮೊದಲು ಬಂದು. ಫೈನಲಿನಲ್ಲಿ ಆ ಕ್ರಮ ಬದಲಾಯಿತು.

ಹೋಟೆಲಿನ ವಾದ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ: ದೀಪ್ತಿ ಒಳ್ಳೆಯ ಬ್ಯಾಟರ್, ಮೊದಲು ಬರಬೇಕಿತ್ತು. ನಿಜವಾದ ಬಿಗಿ ಇರುವುದು ಇನ್ನೊಂದು ಹೆಜ್ಜೆ ಮುಂದೆ. ಆಗ ಬೌಲಿಂಗ್ ಮಾಡುತ್ತಿದ್ದ ಇಬ್ಬರಲ್ಲಿ ಒಬ್ಬರು ಅಲೆಕ್ಸ್ ಹಾರ್ಟ್ಲಿ, ಎಡಗೈ ಸ್ಪಿನ್ನರ್. ಬಲಗೈ ಬ್ಯಾಟರಿಗೆ ಅವರ ಚೆಂಡು ಹೊರಕ್ಕೆ ತಿರುಗುತ್ತದೆ, ಎಡಗೈಯವರಿಗೆ ಒಳಕ್ಕೆ ಬರುತ್ತದೆ. ದೀಪ್ತಿ ಎಡಗೈ, ಸುಷ್ಮಾ ಬಲಗೈ. ಸುಷ್ಮಾ ಸೊನ್ನೆಗೆ ಹಾರ್ಟ್ಲಿಯ ಚೆಂಡಿಗೇ ಬೌಲ್ಡ್ ಆದರು. ಕೋಚ್ ತುಷಾರ್ ಅರೋಠೆ ಮತ್ತು ನಾಯಕಿಯ ಪರವಾಗಿ ಹೇಳುವುದಿದ್ದರೆ, ಪಾಕಿಸ್ತಾನದ ಪಂದ್ಯದಲ್ಲಿ ತಂಡ ಕುಸಿದಾಗ 33 ರನ್ ಮಾಡಿ ಮಾನ ಉಳಿಸಿದ್ದವರು ಈ ಸುಷ್ಮಾ. ದೀಪ್ತಿಯನ್ನು ಕೊನೆಯ ಓವರುಗಳಿಗೆ ಕಾಯ್ದಿಟ್ಟಿರಲೂಬಹುದು. ಆದರೆ ಎಸೆತಕ್ಕೊಂದು ರನ್ ಕೂಡ ಬೇಡದ ಸ್ಥಿತಿಯಲ್ಲಿ ತಂಡಕ್ಕೆ ಬೇಕಾದದ್ದು ಒಂಟಿ ರನ್ ಕದಿಯುವವರೇ ಹೊರತು ಕೊನೆಗೆ ಬೀಸುವವರಲ್ಲ. ಈ ಒಂದು ಅಂಶದಲ್ಲಿ ನಮ್ಮ ಹೋಟೆಲಿನವರು ಗೆದ್ದರು ಅಂತಲೇ ನನ್ನ ತೀರ್ಪು. ಯಾಕೆಂದರೆ ಅವರು ಹೇಳಿದ ಕಾರಣವೆಲ್ಲ ಸುಷ್ಮಾ ಮೈದಾನಕ್ಕೆ ಇಳಿಯುವ ಮೊದಲೇ ಎಲ್ಲರ ಕಣ್ಣೆದುರು ಇತ್ತು.

ಅದೇ ಜನ ವೇದಾ ಹೆಸರು ಬಂದ ಕೂಡಲೇ ಲಾಯರುಗಳಾಗಿಬಿಡುತ್ತಾರೆ. ವೇದಾ 34 ಎಸೆತಕ್ಕೆ 35 ರನ್ ಮಾಡಿದ್ದರು. ಆ ಹೊತ್ತಿಗೆ ಪಂದ್ಯ ಅವರ ಕೈಯಲ್ಲೇ ಇತ್ತು. ಇನ್ನೂ ಐದು ಓವರಿಗೂ ಮಿಕ್ಕಿ ಬಾಕಿ, ಬೇಕಾದದ್ದು 29. ಆನ್ಯಾ ಶ್ರಬ್‌ಸೋಲ್ ಎಸೆತವನ್ನು ಎತ್ತಿ ಹೊಡೆಯಲು ಹೋಗಿ ಕ್ಯಾಚ್ ಕೊಟ್ಟರು. ಬೇರೆ ಜಿಲ್ಲೆಯವರು ಇದೇ ಹೊಡೆತವನ್ನು ಹೊಡೆದಿದ್ದರೆ ಮೂಡಿಗೆರೆಯಲ್ಲಿ ಏನೆನ್ನುತ್ತಿದ್ದರೆಂದು ಬೇರೆ ಹೇಳಬೇಕಿಲ್ಲ. ಇಲ್ಲಿ ಮಾತ್ರ, "ಪಾಪ, ಇನ್ನೊಂದು ಕಡೆಯಿಂದ ಯಾರೂ ನಿಲ್ಲಲಿಲ್ಲ, ಅವಳಾದರೂ ಏನು ಮಾಡ್ತಾಳೆ" ಎಂಬ ವಕಾಲತ್ತು. ಅಭಿಮಾನ ಇರಲಿ. ಆ ಹೊಡೆತ ಬೇಡವಾಗಿತ್ತು. ಅಷ್ಟೇ ನಿಜವಾದ ಇನ್ನೊಂದು ಮಾತೂ ಇದೆ: ಎಂಟು ದಿನದ ಹಿಂದೆ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ರನ್ ಸಿಡಿಸಿ ತಂಡವನ್ನು ಸೆಮಿಫೈನಲಿಗೆ ದಾಟಿಸಿದ್ದೂ ಅದೇ ಕೈ, ಅದೇ ಧೈರ್ಯ. ಆ ಆಟವನ್ನು ನಂಬಿಯೇ ಅವರನ್ನು ಐದನೆಯದಕ್ಕೆ ಕಳಿಸಿದ್ದು.

ಎಲ್ಲಕ್ಕಿಂತ ಪೊಳ್ಳು ವಾದ ಯಾವುದೆಂದರೆ, "ಹೆಂಗಸರಿಗೆ ಆ ಒತ್ತಡ ತಡೆಯೋಕಾಗಲ್ಲ" ಎಂಬುದು. ಸೋಲಿಗೆ ಗಾಬರಿಯೂ ಕಾರಣ ಎಂದು ಮಿಥಾಲಿಯವರೇ ಒಪ್ಪಿಕೊಂಡಿದ್ದರು, ಸರಿ. ಆದರೆ ಅದಕ್ಕೆ ಒಂದೇ ವರ್ಷ ಹಿಂದೆ, 2016ರ ಮೇ 29ರಂದು ಚಿನ್ನಸ್ವಾಮಿ ಮೈದಾನದಲ್ಲಿ ಆರ್‌ಸಿಬಿ ಏನು ಮಾಡಿತು? ಐಪಿಎಲ್ ಫೈನಲ್, ಗುರಿ 209, ಗೇಲ್ ಮತ್ತು ಕೊಹ್ಲಿ ವಿಕೆಟ್ ಬೀಳಿಸದೆ 114 ಸೇರಿಸಿದ್ದಾರೆ, ಕೊನೆಗೆ 8 ರನ್‌ಗಳ ಸೋಲು. ಅದು ಥೇಟ್ ಲಾರ್ಡ್ಸ್ ಕಥೆಯೇ. ಗಂಡಸರಿಗೆ ಒತ್ತಡ ತಡೆಯೋಕಾಗಲ್ಲ ಅಂತ ಯಾವ ಟೇಬಲಿನಲ್ಲೂ ಕೇಳಲಿಲ್ಲ.

ಆ ಐಪಿಎಲ್ ಫೈನಲಿನ ದೊಡ್ಡ ವ್ಯಾಜ್ಯ ಬೇರೆಯೇ ಇತ್ತು: ಕೊನೆಯ ಓವರನ್ನು ಶೇನ್ ವಾಟ್ಸನ್‌ಗೆ ಯಾಕೆ ಕೊಟ್ಟರು? ವಾಟ್ಸನ್ 4 ಓವರಿಗೆ 61 ಬಿಟ್ಟುಕೊಟ್ಟರು. ಅವರ ಕೊನೆಯ ಓವರಿನಲ್ಲಿ ಎದುರಾಳಿ ಬ್ಯಾಟರ್ ಬೆನ್ ಕಟ್ಟಿಂಗ್ ಮನಸ್ಸಿಗೆ ಬಂದ ಹಾಗೆ ಬಾರಿಸಿದರು. ಆದರೆ ಆ ಸೀಸನ್ನಿನಲ್ಲಿ ವಾಟ್ಸನ್ 20 ವಿಕೆಟ್ ತೆಗೆದಿದ್ದ ಬೌಲರು. ಮೂರು ಓವರ್ ಹೊಡೆಸಿಕೊಂಡವನಿಗೆ ನಾಲ್ಕನೆಯದು ಕೊಡಬಾರದಿತ್ತು ಅಂದರೆ ಮಾತಿಗೆ ತೂಕವಿದೆ. ವಾಟ್ಸನ್ ಅಂದರೇ ದಂಡ ಅಂದರೆ ಇಲ್ಲ. ಇವೆರಡೂ ಒಂದೇ ಉಸಿರಿನಲ್ಲಿ ಬರುವುದರಿಂದ ಎರಡನೆಯ ಜಳ್ಳು ಮೊದಲನೆಯ ಕಾಳನ್ನೂ ಮುಚ್ಚಿಬಿಡುತ್ತದೆ.

ಫಲ ನೋಡಿ ನಿರ್ಧಾರ ಅಳೆಯುವ ಈ ಚಾಳಿ ತೋಟದವರಿಗೆ ಹೊಸದಲ್ಲ. ಬೇಸಿಗೆಯಲ್ಲಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕೋ, ಹೂಮಳೆಗೆ ಕಾಯಬೇಕೋ? ಕಾದವನಿಗೆ ವಾರದೊಳಗೆ ಮಳೆ ಬಿದ್ದರೆ ಅವನು ಜಾಣ, ಡೀಸೆಲ್ ಸುಟ್ಟ ಪಕ್ಕದ ತೋಟದವನು ಪೆದ್ದ. ಮಳೆ ಕೈಕೊಟ್ಟರೆ ಬಿರುದು ಅದಲುಬದಲು. ಇಬ್ಬರ ತಲೆಯ ಮೇಲೂ ಅಂದು ಇದ್ದದ್ದು ಒಂದೇ ಆಕಾಶ. ತೋಟದ ವಿಷಯದಲ್ಲಿ ಇದನ್ನು ಬಲ್ಲ ಜನ ಕ್ರಿಕೆಟ್ಟಿಗೆ ಬಂದರೆ ಮರೆಯುತ್ತಾರೆ. 2025ರ ನವೆಂಬರ್ 2ರ ರಾತ್ರಿ ನವಿ ಮುಂಬೈನಲ್ಲಿ ದಕ್ಷಿಣ ಆಫ್ರಿಕಾ ಎದುರಿನ ವಿಶ್ವಕಪ್ ಫೈನಲಿನಲ್ಲಿ ನಾಯಕಿ ಹರ್ಮನ್‌ಪ್ರೀತ್ ಚೆಂಡನ್ನು ಶಫಾಲಿ ವರ್ಮಾ ಕೈಗಿತ್ತರು. ಗಾಯಗೊಂಡ ಪ್ರತೀಕಾ ರಾವಲ್ ಜಾಗಕ್ಕೆ ಸೆಮಿಫೈನಲ್ ಹೊತ್ತಿಗೆ ತಂಡ ಸೇರಿದ್ದ ಶಫಾಲಿ ಅಪರೂಪಕ್ಕೆ ಬೌಲ್ ಮಾಡುವವರು. ಎರಡು ವಿಕೆಟ್ ಬಿತ್ತು, ಕಪ್ಪೂ ಬಂತು. ಅದೊಂದು ಅಂತರ್ದೃಷ್ಟಿ ಎನಿಸಿತು. ಆ ಓವರುಗಳಲ್ಲಿ ಮೂರು ಸಿಕ್ಸರ್ ಹೋಗಿದ್ದರೆ ಇದೇ ತೀರ್ಮಾನಕ್ಕೆ ಯಾವ ಹೆಸರು ಸಿಗುತ್ತಿತ್ತೋ. ಅಂದ ಹಾಗೆ, ಆ ಫೈನಲಿನಲ್ಲಿ 58 ರನ್ ಮತ್ತು 5 ವಿಕೆಟ್ ದೀಪ್ತಿ ಶರ್ಮಾರದು, ಸರಣಿಶ್ರೇಷ್ಠ ಪ್ರಶಸ್ತಿಯೂ ಅವರದೇ. "ನೋಡಿದ್ರಾ, ನಾವು ಅವತ್ತೇ ಹೇಳಿದ್ವಲ್ಲ" ಎಂದು ಎದೆ ತಟ್ಟಿಕೊಂಡವರಿದ್ದಾರೆ. 2025ರ ಆಟ 2017ರ ಕೇಸಿಗೆ ಸಾಕ್ಷಿಯಾಗುವುದಿಲ್ಲ ಸ್ವಾಮಿ. ಆ ಕೇಸು ಗೆಲ್ಲಲು ಹಾರ್ಟ್ಲಿಯ ಎಡಗೈ ಒಂದೇ ಸಾಕಿತ್ತು.

ನಮ್ಮ ಚರ್ಚೆಯ ಇನ್ನೊಂದು ಕುರುಡು, ಎದುರಾಳಿ. ಸೋತರೆ ನಮ್ಮವರ ತಪ್ಪಿನಿಂದ, ಗೆದ್ದರೆ ನಮ್ಮವರ ಹೆಗ್ಗಳಿಕೆಯಿಂದ. ಇಂಗ್ಲೆಂಡಿನ ಹನ್ನೊಂದು ಮಂದಿ ಬೇಲಿಗೂಟಗಳು. ಆನ್ಯಾ ಶ್ರಬ್‌ಸೋಲ್ ಅಂದು 46 ರನ್ ಕೊಟ್ಟು 6 ವಿಕೆಟ್ ಕಿತ್ತರು, ಅದರಲ್ಲಿ ಐದು ಬಂದದ್ದು 19 ಎಸೆತಗಳಲ್ಲಿ. ಜೂಲನ್ ಸೊನ್ನೆಗೇ ಬೌಲ್ಡ್. ಆ ಸ್ಪೆಲ್ಲಿನ ಮುಂದೆ ಬ್ಯಾಟಿಂಗ್ ಕ್ರಮ ಹೇಗಿದ್ದರೂ ಒಂದೆರಡು ವಿಕೆಟ್ ಬೀಳುವುದು ಖಂಡಿತವಿತ್ತು. ಕೊನೆಯಲ್ಲಿ ಪೂನಮ್ ಯಾದವ್ ಕೊಟ್ಟ ಸುಲಭದ ಕ್ಯಾಚನ್ನು ಜೆನ್ನಿ ಗನ್ ಕೈಚೆಲ್ಲಿದರು; ಮರು ಎಸೆತದಲ್ಲೇ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಬೌಲ್ಡ್ ಆಗಿ ಎಲ್ಲ ಮುಗಿಯಿತು. ಆ ಒಂದೆರಡು ನಿಮಿಷ ಇಂಗ್ಲೆಂಡಿನವರ ಎದೆ ಎಷ್ಟು ಹೊಡೆದುಕೊಂಡಿರಬೇಕು ಎಂಬ ಯೋಚನೆ ನಮ್ಮ ಟೇಬಲುಗಳಲ್ಲಿ ಸುಳಿಯುವುದೇ ಇಲ್ಲ.

ಇಷ್ಟೆಲ್ಲ ಬೈದ ಮೇಲೂ ಈ ಚರ್ಚೆ ಒಳ್ಳೆಯ ವಿಮರ್ಶೆಯಾಗಬಲ್ಲದು ಎನ್ನಲು ನನ್ನ ಬಳಿ ಒಂದು ಉದಾಹರಣೆ ಇದೆ: ಅದೇ 2025ರ ವಿಶ್ವಕಪ್, ಅಕ್ಟೋಬರ್ 19, ಇಂದೋರ್. ಮತ್ತೆ ಇಂಗ್ಲೆಂಡ್, ಈ ಸಲ 4 ರನ್‌ಗಳ ಸೋಲು. ಅಂದು ಜೆಮಿಮಾ ರೋಡ್ರಿಗಸ್ ಅವರನ್ನು ಕೈಬಿಟ್ಟು ಆರನೇ ಬೌಲರ್ ಆಗಿ ರೇಣುಕಾ ಸಿಂಗ್ ಅವರನ್ನು ಆಡಿಸಲಾಗಿತ್ತು. ಹಿಂದಿನ ಎರಡು ಪಂದ್ಯಗಳಲ್ಲಿ ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾ ನಮ್ಮ ಬೌಲಿಂಗನ್ನು ದಂಡಿಸಿ ಗುರಿ ಮುಟ್ಟಿದ್ದವು. ಆಸ್ಟ್ರೇಲಿಯಾ ಅಂತೂ 331 ಬೆನ್ನಟ್ಟಿತ್ತು. ಆದ್ದರಿಂದ ಕೋಚ್ ಅಮೋಲ್ ಮಜುಂದಾರ್ ಅವರ ತೀರ್ಮಾನ ತಲೆಬುಡವಿಲ್ಲದ್ದೇನಲ್ಲ. ತಂಡದ ಪಟ್ಟಿ ಕಂಡಾಗಲೇ, ಇನ್ನೂ ಒಂದು ಚೆಂಡೂ ಬೀಳದಿದ್ದಾಗ, "ಜೆಮಿ ಇಲ್ವಾ? ಚೇಸ್ ಮಾಡೋ ಹೊತ್ತಿಗೆ ಯಾರು ಓಡೋದು?" ಎಂದು ಕೇಳಿದವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಸ್ಮೃತಿ ಮಂದಾನ 88, ಹರ್ಮನ್‌ಪ್ರೀತ್ 70, ದೀಪ್ತಿ 50 ಮಾಡಿಯೂ 289ರ ಗುರಿಗೆ ತಂಡ 284ಕ್ಕೆ ನಿಂತಿತು, ಕೈಯಲ್ಲಿ ಇನ್ನೂ ನಾಲ್ಕು ವಿಕೆಟ್ ಇದ್ದಾಗ. ಮುಂದಿನ ಪಂದ್ಯಕ್ಕೆ ಜೆಮಿಮಾ ಮರಳಿದರು: ನ್ಯೂಜಿಲೆಂಡ್ ಎದುರು ಔಟಾಗದೆ 76, ಸೆಮಿಫೈನಲಿನಲ್ಲಿ ಆಸ್ಟ್ರೇಲಿಯಾದ 338ನ್ನು ದಾಟಿಸಿದ ಅಜೇಯ 127. ಆ ಶತಕವನ್ನೂ ನಾನು ಸಾಕ್ಷಿಯಾಗಿ ಹಿಡಿಯುವುದಿಲ್ಲ. ಬೌಲರನ್ನು ಸೇರಿಸಿದ್ದು ಸರಿ, ಅದಕ್ಕಾಗಿ ತೆಗೆದ ಹೆಸರು ತಪ್ಪು. ಇದನ್ನು ಹೇಳಲು ಟಾಸ್ ಹೊತ್ತಿನ ಪಟ್ಟಿಯೇ ಸಾಕಾಗಿತ್ತು.