ಮೂರನೆಯ ತೂತು

ಚಿಂಚೋಳಿಯಲ್ಲಿ ಕೂಲರ್ ಹೊರಗೆ ತೆಗೆಯುವ ದಿನ ಬಂತು. ಅದಕ್ಕೇ ಈ ವಾರ ಸುಟ್ಟ ಸಾಕೆಟ್ ಬದಲಿಸುವ ಮಾತು. ಮೇನ್ ತೆಗೆಯುವುದು, ಟೆಸ್ಟರನ್ನು ಮೊದಲು ಕರೆಂಟ್ ಇದ್ದಲ್ಲಿ ಇಟ್ಟು ಪರೀಕ್ಷಿಸುವುದು ನಿಮಗೆ ಗೊತ್ತಿದ್ದದ್ದೇ. ಒಂದನ್ನು ಮಾತ್ರ ಮತ್ತೆ ಹೇಳುತ್ತೇನೆ: ಇನ್ವರ್ಟರ್ ಇದ್ದ ಮನೆಯಲ್ಲಿ ಮೇನ್ ತೆಗೆದರೂ ಬೋರ್ಡಿನಲ್ಲಿ ಕರೆಂಟ್ ಉಳಿದಿರಬಹುದು. ಇನ್ವರ್ಟರನ್ನೂ ಬಂದ್ ಮಾಡಿ.

ಹೋದ ಭಾನುವಾರ ನಮ್ಮ ಪಡಸಾಲೆಯ ಬೋರ್ಡು ಬಿಚ್ಚಿದೆ. ಒಳಗಿನ ಹಿತ್ತಾಳೆ ಪಟ್ಟಿ ಸಡಿಲಾಗಿ, ಕಾದು, ಸಾಕೆಟ್ ಕಪ್ಪಾಗಿತ್ತು. ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಸರಿ. ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್‌ನ ಹಸಿರು ವೈರೇ ಇಲ್ಲ! ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರ್ ಅಲ್ಲಿಗೆ ಸಿಗಿಸಿದ್ದರು. ನೋಡಿ ಕೈ ತಣ್ಣಗಾಯಿತು.

‘ನ್ಯೂಟ್ರಲ್ ಕಡೀಕ ಭೂಮಿಗೇ ಹೋಗ್ತದಲ್ರೀ, ಬ್ಯಾರೆ ಅರ್ಥಿಂಗ್ ಯಾಕ್ರೀ?’ ಎನ್ನುವವರ ಜೊತೆ ನನ್ನ ಜಗಳ ಹಳೆಯದು. ಹೋಗುತ್ತದೆ ನಿಜ, ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ. ಅಲ್ಲಿಂದ ನಿಮ್ಮ ಮನೆಯವರೆಗಿನ ನ್ಯೂಟ್ರಲ್ ಗಾಳಿಗೆ ಕಡಿಯಿತು ಎನ್ನಿ. ಒಳಕೋಣೆಯಲ್ಲಿ ತಿರುಗುತ್ತಿದ್ದ ಫ್ಯಾನು ನಿಲ್ಲುತ್ತದೆ. ಆದರೆ ಫೇಸ್ ಆ ಫ್ಯಾನಿನೊಳಗಿಂದ ನ್ಯೂಟ್ರಲ್ ವೈರಿಗೆ ಬಂದು, ಆ ತುಂಡು ವೈರಿನ ಮೂಲಕ ಕೂಲರಿನ ತಗಡಿಗೆ ಇಳಿಯುತ್ತದೆ. ಕರೆಂಟ್ ಹೋಯಿತೆಂದು ಬಗೆದು ಮನೆಯಾಕೆ ಕೊಡ ಎತ್ತಿ ಕೂಲರಿಗೆ ನೀರು ಹಾಕಲು ಬರುತ್ತಾಳೆ, ಒದ್ದೆ ಫರ್ಸಿಯ ಮೇಲೆ, ಬರಿಗಾಲಲ್ಲಿ.

1956ರ ಭಾರತೀಯ ವಿದ್ಯುತ್ ನಿಯಮಾವಳಿಯ 33ನೆಯ ನಿಯಮ ನನಗೆ ಬಲು ಇಷ್ಟ. ವಿದ್ಯುತ್ ಕೊಡುವವರು ಗ್ರಾಹಕನ ಜಾಗದಲ್ಲಿ, ಸಪ್ಲೈ ಶುರುವಾಗುವ ಕಡೆ, ಕೈಗೆಟಕುವಂತೆ ಅರ್ಥ್ ಟರ್ಮಿನಲ್ ಒದಗಿಸಬೇಕು ಎನ್ನುತ್ತಿತ್ತು ಅದು. ಒದಗಿಸಿ ಸುಮ್ಮನಾಗದೆ, ಸುಸ್ಥಿತಿಯಲ್ಲೂ ಇಡಬೇಕಿತ್ತು. ಈಗ ಬೇರೆ ನಿಯಮಗಳು ಬಂದಿವೆ. ಆದರೂ ಸಾಮಾನ್ಯ ಮನೆಯ ಬಗ್ಗೆ ಅಷ್ಟು ಕಾಳಜಿಯ ಮಾತು ನಾನು ಕಾನೂನಿನಲ್ಲಿ ಓದಿದ್ದು ಕಡಿಮೆ.

ಸಾಕೆಟ್ ಮಾತು ಬಿಟ್ಟು, ಆ ಹಸಿರು ವೈರ್ ಹೋಗಿ ಸೇರುವ ಅರ್ಥಿಂಗ್ ಗುಂಡಿಗೇ ಬರುತ್ತೇನೆ. ಶಹಾಬಾದ್, ವಾಡಿ, ಸೇಡಂ ಕಡೆ ತುಸು ಅಗೆದರೆ ಫರ್ಸಿ ಕಲ್ಲು ಸಿಗುವ ಜಾಗ ಬಹಳ. ಒಣಕಲ್ಲು ಕರೆಂಟನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದ್ದಿಲು, ಉಪ್ಪು ತುಂಬುವುದು ತೇವ ಹಿಡಿದಿಡಲೆಂದೇ. ಏಪ್ರಿಲ್‌ನಲ್ಲಿ ಆ ತೇವವೂ ಆರುತ್ತದೆ. ಇಂಥ ನೆಲದಲ್ಲಿ ಗುಂಡಿಯನ್ನಷ್ಟೇ ನಂಬಬೇಡಿ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯನ್ನೂ ಹಾಕಿಸಿ.

ನಮ್ಮ ಮನೆಯಲ್ಲಿ ಮೀಟರ್ ಬೋರ್ಡಿನಿಂದ ಹೊಸ ಹಸಿರು ವೈರ್ ಎಳೆಸಿದೆ, ಲೈಸೆನ್ಸ್ ಇರುವವರಿಂದಲೇ. ಹಿತ್ತಲ ಗುಂಡಿಯ ಮುಚ್ಚಳ ತೆಗೆದರೆ ಪೈಪು ತುಕ್ಕು ಹಿಡಿದು, ಕ್ಲ್ಯಾಂಪ್ ಕಳಚಿ ಬಿದ್ದಿತ್ತು. ಎರಡೂ ಹೊಸದಾದವು. ಈಗ ಸಂಜೆ ಕೂಲರಿಗೆ ನಾಲ್ಕು ಕೊಡ ನೀರಾದರೆ, ಗುಂಡಿಗೂ ಒಂದು ಕೊಡ.