ಒಂದೆಲಗದ ತಂಬುಳಿಗೆ ಬುದ್ಧಿಯ ಹೊರೆ

ಪರೀಕ್ಷೆ ಹತ್ತಿರ ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ಒಂದೆಲಗಕ್ಕೆ ಇದ್ದಕ್ಕಿದ್ದಂತೆ ಮರ್ಯಾದೆ ಹೆಚ್ಚುತ್ತದೆ. ಅಲ್ಲಿಯವರೆಗೆ ಅಡಿಕೆ ತೋಟದ ಕಾಲುವೆಯಂಚಿನಲ್ಲಿ ತನ್ನ ಪಾಡಿಗೆ ಹಬ್ಬಿಕೊಂಡಿದ್ದ ಸೊಪ್ಪು ಬೇರುಸಮೇತ ಒಳಗೆ ಬರುತ್ತದೆ. ಓದುವ ಮಕ್ಕಳಿಗೆ ಬೆಳಿಗ್ಗೆ ಬರಿಹೊಟ್ಟೆಗೆ ನಾಲ್ಕೆಲೆ, ಮುಖ ಕಿವುಚಿದರೆ ‘ಬುದ್ಧಿಗೆ ಒಳ್ಳೇದು, ತಿನ್ನು’ ಎಂಬ ಗದರಿಕೆ. ಒಳ್ಳೆಯ ಸೊಪ್ಪೊಂದನ್ನು ಜನ್ಮಕ್ಕೂ ಬೇಡವಾಗಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಒಂದೆಲಗ ಮೊದಲು ರುಚಿಯ ಸೊಪ್ಪು. ಬೇರಿನ ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆಯಬೇಕು. ಚಮಚ ತುಪ್ಪದಲ್ಲಿ ಜೀರಿಗೆ, ಏಳೆಂಟು ಕಾಳುಮೆಣಸು ಹುರಿದು, ಒಲೆ ಆರಿಸಿದ ಮೇಲೆ ಅದೇ ಬಿಸಿಗೆ ಸೊಪ್ಪು ಹಾಕಿ ಬಾಡಿಸಿದರೆ ಸಾಕು. ಹೆಚ್ಚು ಹುರಿದರೆ ಆ ಹಸಿ ಪರಿಮಳವೇ ಹೋಗುತ್ತದೆ. ತೆಂಗಿನತುರಿ ಜೊತೆ ನುಣ್ಣಗೆ ಬೀಸಿ, ಹುಳಿಯಾಗದ ಮಜ್ಜಿಗೆ ಬೆರೆಸಿ, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ತಂಬುಳಿ. ಊಟದ ಮೊದಲ ಅನ್ನಕ್ಕೇ ಬಡಿಸಬೇಕು. ಸಾರು, ಹುಳಿ ಆದಮೇಲೆ ಬಂದರೆ ಆ ನವಿರಾದ ಒಗರು ನಾಲಿಗೆಗೆ ಸಿಗುವುದಿಲ್ಲ. ತುಳುನಾಡಿನವರು ಈ ಸೊಪ್ಪನ್ನೇ ತಿಮರೆ ಎಂದು ಕರೆದು ಚಟ್ನಿ ಮಾಡುತ್ತಾರೆ, ಅದೂ ಸೊಗಸೇ.

ಇನ್ನು ಬುದ್ಧಿಯ ವಿಷಯ. ನಾವು ಬ್ರಾಹ್ಮಿ ಎನ್ನುವುದು ಒಂದೆಲಗವನ್ನು. ಕೇರಳದವರ ಬ್ರಾಹ್ಮಿ ಬೇರೆಯೇ ಗಿಡ, ದಪ್ಪ ಪುಟ್ಟ ಎಲೆಯ, ಬಲು ಕಹಿಯಾದ ನೀರುಬ್ರಾಹ್ಮಿ. ಮನುಷ್ಯರ ಮೇಲೆ ನಡೆದ ಹೆಸರಾಂತ ಪ್ರಯೋಗಗಳು ಈ ಎರಡನೆಯದರ ಬಗ್ಗೆ. 2001ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 46 ಆರೋಗ್ಯವಂತರು ಭಾಗವಹಿಸಿದ್ದರು. ದಿನಕ್ಕೆ 300 ಮಿಲಿಗ್ರಾಂ ಸಾರ ಸೇವಿಸಿದವರ ಕಲಿಕೆಯ ವೇಗ ಸುಧಾರಿಸಿದ್ದು ಕಂಡಿತು, ಅದೂ 12 ವಾರ ಕಳೆದ ಮೇಲೆ. 5ನೇ ವಾರದಲ್ಲಿ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಪರೀಕ್ಷೆಯ ಹಿಂದಿನ ದಿನ ತಿನ್ನಿಸುವವರು ಇದನ್ನು ಗಮನಿಸಬೇಕು. ನಮ್ಮ ಒಂದೆಲಗದ ಏಷಿಯಾಟಿಕ್ ಆಮ್ಲ ಮುಂತಾದ ಅಂಶಗಳು ಇಲಿಗಳ ಕಲಿಕೆಯನ್ನು ಹೆಚ್ಚಿಸಿವೆ. ಆದರೆ ಮನುಷ್ಯರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2017ರ ವಿಶ್ಲೇಷಣೆಗೆ ಗ್ರಹಣಶಕ್ತಿಯಲ್ಲಿ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಅಂಗಡಿಯ ಸಿರಪ್ಪಿನ ಬಾಟಲಿಯ ಮೇಲೆ ಇದನ್ನು ಯಾರೂ ಅಚ್ಚುಹಾಕಿಸುವುದಿಲ್ಲ ಬಿಡಿ.

ಹಾಗಾದರೆ ತಂಬುಳಿ ತಲೆಗೆ ಏನೂ ಮಾಡುವುದಿಲ್ಲವೇ? ನನ್ನ ಆಸೆ ಇರುವುದು ಬ್ರಾಹ್ಮಿ ಎಂಬ ಹೆಸರಿನ ಮೇಲಲ್ಲ, ಸೊಪ್ಪು ಎಂಬ ಜಾತಿಯ ಮೇಲೆ. ಶಿಕಾಗೋದ ರಶ್ ವಿಶ್ವವಿದ್ಯಾಲಯದ ಮಾರ್ಥಾ ಕ್ಲೇರ್ ಮಾರಿಸ್ ಮತ್ತು ಸಂಗಡಿಗರು ಸರಾಸರಿ 81 ವರ್ಷ ವಯಸ್ಸಿನ 960 ಮಂದಿಯನ್ನು ಸುಮಾರು ಐದು ವರ್ಷ ಗಮನಿಸಿ 2018ರಲ್ಲಿ ವರದಿ ಪ್ರಕಟಿಸಿದರು. ದಿನಕ್ಕೊಂದು ಪಾಲಿನಷ್ಟು ಸೊಪ್ಪು ತಿನ್ನುತ್ತಿದ್ದವರ ನೆನಪು, ಯೋಚನೆಗಳು ಕುಂದಿದ್ದು ನಿಧಾನ. ತಿನ್ನದವರಿಗಿಂತ 11 ವರ್ಷ ಚಿಕ್ಕವರ ಹಾಗೆ. ಸೊಪ್ಪಿನ ಲ್ಯೂಟೀನ್, ಫೋಲೇಟ್, ಕೆ ಜೀವಸತ್ವಗಳತ್ತ ಅವರು ಬೊಟ್ಟುಮಾಡಿದರು. ಸೊಪ್ಪು ತಿನ್ನುವವರು ಮಾಡುವ ಬೇರೆ ಒಳ್ಳೆಯ ಕೆಲಸಗಳ ಪಾಲೂ ಇದರಲ್ಲಿ ಇರಬಹುದು. ಸೊಪ್ಪು, ಬೆರ್ರಿ ಹಣ್ಣುಗಳಿಗೆ ಒತ್ತುಕೊಟ್ಟ, ಮಾರಿಸ್ ತಂಡದ್ದೇ ಆಹಾರಕ್ರಮವನ್ನು 604 ಮಂದಿಯ ಮೇಲೆ ಮೂರು ವರ್ಷ ಪರೀಕ್ಷಿಸಿದಾಗ, ಹೋಲಿಕೆಗಿಟ್ಟ ಇನ್ನೊಂದು ಗುಂಪಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. 2023ರಲ್ಲಿ ಬಂತು ಆ ಫಲಿತಾಂಶ. ಮೂರು ವರ್ಷ ಸಾಲದೇನೋ ಎಂಬುದು ನನ್ನ ಅನುಮಾನ. ಸೊಪ್ಪಿನ ವಕೀಲ ನಾನು, ಹಾಗನ್ನದೆ ಇನ್ನೇನು ಅಂದೇನು!

ಒಂದು ಮಾತ್ರ ಗಟ್ಟಿ. ಕಣ್ಣಿನ ಅಕ್ಷಿಪಟಲದಲ್ಲೂ ಮಿದುಳಿನಲ್ಲೂ ಶೇಖರವಾಗುವ ಲ್ಯೂಟೀನ್ ಜಿಡ್ಡಿನ ಜೊತೆ ಹೊಟ್ಟೆಗೆ ಹೋದರೆ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ. ಡಯಟ್ಟಿನ ಹೆಸರಲ್ಲಿ ತಂಬುಳಿಯಿಂದ ತೆಂಗಿನಕಾಯಿ ತುಪ್ಪ ಎರಡನ್ನೂ ಓಡಿಸಿ, ಮೇಲೆ ಲ್ಯೂಟೀನ್ ಮಾತ್ರೆ ನುಂಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಿಟಿಯ ಮಾರುಕಟ್ಟೆಯಲ್ಲಿ ಕೊಳ್ಳುವವರು ತೊಟ್ಟು ಉದ್ದವಾಗಿ ಜೋಲುವ ದೊಡ್ಡ ಎಲೆಯ ಕಟ್ಟನ್ನು ಬಿಟ್ಟು, ರೂಪಾಯಿ ನಾಣ್ಯದಗಲದ ಎಲೆಯದನ್ನು ಆರಿಸಿ. ಮಕ್ಕಳಿಗೆ ಬಡಿಸುವಾಗ ಬುದ್ಧಿಯ ಮಾತು ಎತ್ತಬೇಡಿ.